ಗೋಣಿಚೀಲದ ಕೆಳಗಿನ ಗೇಟ್‌ವಾಲ್ವ್

ನೀರು ಕದ್ದವರು ಉದ್ಧಾರವಾದದ್ದನ್ನು ನಾನು ಕಂಡಿಲ್ಲ. ಅದರಲ್ಲೂ ಸ್ವಂತ ಓರಗಿತ್ತಿಯ ಅಡುಗೆಮನೆಯ ನೀರು ಕದ್ದವರನ್ನು ದೇವರು ಬಿಟ್ಟರೂ ನಾನು ಬಿಡುವವಳಲ್ಲ.

ಮಲ್ಲಂದೂರಿನ ಹತ್ತಿರ ನಮ್ಮ ತೋಟ. ಪಾಲಾದಾಗ ಗುಡ್ಡದ ಮೇಲಿನ ಮನೆ ಭಾವನವರಿಗೆ ಹೋಯಿತು, ಕೆಳಗಿನದು ನಮಗೆ ಬಂತು. ನೀರು ಮಾತ್ರ ಒಂದೇ. ಗುಡ್ಡದ ತುದಿಯ ಒರತೆಯಿಂದ ಇಳಿದ ಪೈಪು ಭಾವನವರ ಕೊಟ್ಟಿಗೆಯ ಪಕ್ಕ ಎರಡು ಕವಲಾಗಿ, ಒಂದು ಅವರ ಮನೆಗೆ, ಇನ್ನೊಂದು ನಮ್ಮ ಮನೆಗೆ. ಹಗಲೂ ರಾತ್ರಿ ತಾನಾಗಿ ಬರುವ ನೀರಿಗೆ ಟ್ಯಾಂಕ್ ಯಾಕೆ ಎಂದು ಇಬ್ಬರೂ ಕಟ್ಟಿಸಲಿಲ್ಲ. ಪಾಲಿನ ದಿನವೇ ಅತ್ತೆ ಎಲ್ಲರ ಎದುರು ಹೇಳಿದ್ದರು: "ಮನೆ ಪಾಲಾದ್ರೆ ಆಗ್ಲಿ, ನೀರು ಪಾಲಾಗ್‌ಬಾರ್ದು. ಆ ಪೈಪಿಗೆ ಯಾರೂ ಗೇಟ್‌ವಾಲ್ವ್ ಹಾಕ್‌ಬೇಡಿ."

ಅತ್ತೆ ತೀರಿಕೊಂಡದ್ದು ನಮ್ಮ ಮನೆಯಲ್ಲಿ, ತೊಂಬತ್ತೆಂಟರ ಮಳೆಗಾಲದಲ್ಲಿ. ಕಡೆಯ ಗಳಿಗೆಯಲ್ಲಿ "ದೊಡ್ಡೋಳು ಬಂದ್ಲಾ, ದೊಡ್ಡೋಳು ಬಂದ್ಲಾ" ಎಂದು ಒಂದೇ ಸಮನೆ ಕೇಳುತ್ತಿದ್ದರು. ದೊಡ್ಡವಳೆಂದರೆ ನನ್ನ ಓರಗಿತ್ತಿ, ಕೃಷ್ಣಮ್ಮಕ್ಕ. ಎದುರಿಗೆ ನಾನು ಅವಳನ್ನು 'ನೀವು' ಎನ್ನುತ್ತೇನೆ. ಹಿಂದಿನಿಂದ 'ಅವಳು' ಎನ್ನುವಷ್ಟು ಮರ್ಯಾದೆ ಸಾಕು ಅನ್ನಿಸುತ್ತದೆ. ಮಳೆಗೆ ಫೋನು ಸತ್ತಿತ್ತು. ನಮ್ಮ ಮೇಸ್ತ್ರಿ ರೇವಣ್ಣನನ್ನು ಮೇಲಕ್ಕೆ ಓಡಿಸಿದೆ. ಅವಳು ಬರುವಷ್ಟರಲ್ಲಿ ಅತ್ತೆಯ ಬಾಯಿಗೆ ಕಡೆಯ ನೀರನ್ನು ನಾನೇ ಬಿಟ್ಟಾಗಿತ್ತು. ಅವಳು ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿದ್ದ ಲೋಟವನ್ನು ನೋಡಿದಳು. ಏನೂ ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ನಮ್ಮವರು ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ಸ್ಟೀಲ್ ಸಿಂಕು ಹಾಕಿಸಿಕೊಟ್ಟರು. ಮದುವೆಯಾದಾಗಿನಿಂದ ಕುಕ್ಕರಗಾಲಲ್ಲಿ ಕೂತು ಬೂದಿ ಹಾಕಿ ಪಾತ್ರೆ ತಿಕ್ಕಿದವಳಿಗೆ ಅದರ ಬೆಲೆ ಗೊತ್ತು. ಆದರೆ ನಲ್ಲಿ ತಿರುಗಿಸಿದರೆ ನೂಲಿನಂಥ ನೀರು. ಒಂದು ಬಾಣಲೆ ತೊಳೆಯುವಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿ ಹೋಗುತ್ತಿತ್ತು. ಬಂದ ನೆಂಟರೆಲ್ಲ "ಸಿಂಕೇನೋ ಚೆನ್ನಾಗಿದೆ, ನೀರೆಲ್ಲಿ?" ಎಂದು ಹಲ್ಲು ಕಿರಿಯುವವರೇ.

ನಮ್ಮವರು ನಲ್ಲಿಯ ಮೂತಿ ಬಿಚ್ಚಿ, ಒಳಗಿನ ಜಾಲರಿ ತೆಗೆದು ತೊಳೆದರು. ಒಂದಿಷ್ಟು ಮರಳು ಬಂತು, ನೀರು ಬರಲಿಲ್ಲ. ಬಚ್ಚಲಿನ ನಲ್ಲಿ ಬಿಟ್ಟು ನೋಡಿದರೆ ಅಲ್ಲೂ ಅದೇ ಕಥೆ.

"ಒರತೆನೇ ಕಮ್ಮಿ ಆಗಿರ್ಬೇಕು ಮಾರಾಯ್ತಿ," ಎಂದರು.

"ಈ ವರ್ಷದ ಮಳೆಗೆ ಒರತೆ ಕಮ್ಮಿ ಆಗತ್ತಾ? ನೀವು ಸುಮ್ನಿರಿ," ಎಂದು ನಾನೇ ಹೊರಟೆ.

ಪೈಪಿನ ಗುಂಟ ಗುಡ್ಡ ಹತ್ತಿದೆ. ಒರತೆಯ ಗುಂಡಿ ತುಂಬಿ ಹೊರಗೆ ಹರಿಯುತ್ತಿತ್ತು. ಇಳಿದು ಬರುವಾಗ ಕೊಟ್ಟಿಗೆಯ ಪಕ್ಕದಲ್ಲಿ, ಕವಲು ನಮ್ಮ ಕಡೆಗೆ ತಿರುಗುವಲ್ಲಿ, ಒಂದು ಗೋಣಿಚೀಲ ಮುಚ್ಚಿತ್ತು. ಎತ್ತಿ ನೋಡಿದರೆ ಹೊಸ ಗೇಟ್‌ವಾಲ್ವ್. ಕೆಂಪು ಬಣ್ಣದ ಚಕ್ರವನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಚಕ್ರ ತಿರುಗಿಸಿ ನೀರು ಬಿಟ್ಟುಕೊಳ್ಳಲು ಕ್ಷಣ ಸಾಕಿತ್ತು. ಬಿಡಲಿಲ್ಲ. ಇವತ್ತು ನಾನು ತೆಗೆದರೆ ನಾಳೆ ಅವಳು ಮುಚ್ಚುತ್ತಾಳೆ. ಅವಳೇ ಕೊಡ ಹಿಡಿದು ನನ್ನ ಸಿಂಕಿನ ಮುಂದೆ ಬಂದು ನಿಲ್ಲಬೇಕು. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಗೋಣಿಚೀಲವನ್ನು ಇದ್ದ ಹಾಗೆಯೇ ಮುಚ್ಚಿ ಬಂದೆ. ನಮ್ಮವರಿಗೂ ಹೇಳಲಿಲ್ಲ.

ಕಾಯುವುದೇನೂ ಕಷ್ಟವಾಗಲಿಲ್ಲ. ಹಿರಿಯರು ಹೋದ ವರ್ಷದೊಳಗೆ ಮನೆಯಲ್ಲೊಂದು ಮದುವೆಯಾಗಬೇಕು ಎಂದು ಅವಳ ಮಗಳು ರಕ್ಷಾಳನ್ನು ನೋಡಲು ಮೂಡಿಗೆರೆಯ ಕಡೆಯಿಂದ ಗಂಡಿನವರು ಬರುವುದು ನಿಶ್ಚಯವಾಯಿತು. ನಾನು ಅದೇ ನೂಲಿನಂಥ ನೀರಿನಲ್ಲಿ ಹಂಡೆ, ಡ್ರಮ್ಮು, ಕೊಳದಪ್ಪಲೆ ಎಲ್ಲವನ್ನೂ ತುಂಬಿಸಿಟ್ಟೆ. ಆ ದಿನ ಬೆಳಿಗ್ಗೆ ಒರತೆಗೆ ಹೋಗಿ, ಪೈಪಿನ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಸಿಲ್ವರ್ ಮರದ ಎಲೆಯನ್ನೂ ಕೆಸರನ್ನೂ ಒಳಗೆ ತುರುಕಿ ಮತ್ತೆ ಕಟ್ಟಿದೆ. ಯಾರು ನೋಡಿದರೂ ಎಲೆ ಕಟ್ಟಿಕೊಂಡಿದೆ ಅನ್ನಬೇಕು, ಹಾಗೆ.

ಎರಡು ಜೀಪು ಮೇಲಕ್ಕೆ ಹೋದದ್ದು ಕೇಳಿಸಿತು. ಆಳುಗಳೆಲ್ಲ ಕಾಫಿ ಹಣ್ಣು ಕುಯ್ಯಲು ತೋಟಕ್ಕಿಳಿದಿದ್ದರು. ಸ್ವಲ್ಪ ಹೊತ್ತಿಗೆ ಅವಳೇ ಬಂದಳು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಸೊಂಟದಲ್ಲಿ ಕೊಡ ಇಟ್ಟುಕೊಂಡು.

"ರೂಪಾ, ನೀರು ನಿಂತೋಗಿದೆ ಕಣೆ. ಅವ್ರೆಲ್ಲ ಜಗಲೀಲಿ ಕೂತಿದಾರೆ, ಕೈ ತೊಳಿಯಕ್ಕೂ ಇಲ್ಲ. ಒಂದ್ ಕೊಡ ನೀರು ಕೊಡು."

"ನಮ್ಮಲ್ಲೂ ನಿಂತಿದೆ ಅಕ್ಕ," ಎಂದು ಸಿಂಕಿನ ನಲ್ಲಿ ತಿರುಗಿಸಿ ತೋರಿಸಿದೆ.

ಅವಳು ಡ್ರಮ್ಮಿನ ಕಡೆ ನೋಡಿದಳು. "ಮತ್ತೆ ಇಷ್ಟೊಂದ್ ತುಂಬ್ಸಿಟ್ಟಿದೀಯ?"

"ಹನಿ ಹನಿ ಹಿಡಿದಿಟ್ಟಿದ್ದು. ನಿಮ್ಮ ಗೋಣಿಚೀಲದ ಕೆಳಗಿಂದ ಎಷ್ಟ್ ಬಿಟ್ರೋ ಅಷ್ಟು."

ಅವಳ ಮುಖ ಬಿಳಿಚಿಕೊಂಡಿತು. ಆದರೆ ಇಲ್ಲ ಅನ್ನಲಿಲ್ಲ. ಕೊಡವನ್ನು ಕಟ್ಟೆಯ ಮೇಲಿಟ್ಟಳು.

"ಹೌದು, ನಾನೇ ಹಾಕ್ಸಿದೆ. ಹಿರೀ ಸೊಸೆ ನಾನು. ಅತ್ತೆ ಬಾಯಿಗೆ ಒಂದ್ ಹನಿ ನೀರು ಬಿಡಕ್ಕೆ ನಂಗಾಗ್ಲಿಲ್ಲ. ನೀರಿಗೆ ಕಾಯೋದು ಹೆಂಗಿರತ್ತೆ ಅಂತ ನಿಂಗೂ ಗೊತ್ತಾಗ್ಲಿ ಅಂತ ಹಾಕ್ಸಿದೆ." ಆಮೇಲೆ ಸಣ್ಣ ಸ್ವರದಲ್ಲಿ ಕೇಳಿದಳು: "ಒಂದೇ ಒಂದ್ ಹೇಳು ರೂಪಾ. ಅತ್ತೆ ನನ್ನ ಕೇಳಿದ್ರಾ?"

ಇಷ್ಟು ತಿಂಗಳೂ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಆ ಒಂದು ಪ್ರಶ್ನೆ ಎಂದು ನನಗೆ ಆಗ ಅರ್ಥವಾಯಿತು. ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಜೊತೆಗೆ ಆ ಕೆಂಪು ಚಕ್ರವೂ ಕಣ್ಣೆದುರು ಇತ್ತು.

"ಇಲ್ಲ ಅಕ್ಕ," ಎಂದೆ. "ನಿಮ್ಮನ್ನ ಕರೆಸ್ಲಾ ಅಂತ ನಾನೇ ಕೇಳ್ದೆ. ಅತ್ತೆ ಬೇಡ ಅಂದ್ರು. ಆದ್ರೂ ರೇವಣ್ಣನ್ನ ಕಳ್ಸಿದ್ದು ನಾನೇ."

ಅವಳು ಸಿಂಕಿನ ಅಂಚು ಹಿಡಿದುಕೊಂಡಳು. ನಾನು ಚೊಂಬು ತೆಗೆದುಕೊಂಡು ನಿಧಾನವಾಗಿ, ತುಳುಕುವಷ್ಟು ಅವಳ ಕೊಡ ತುಂಬಿಸಿದೆ. ಜಗಲಿಯಲ್ಲಿ ಗಂಡಿನವರು ಕಾಯುತ್ತಿದ್ದರು. ಅವಳು ಕೊಡ ಬಿಟ್ಟು ಹೋಗುವ ಹಾಗಿರಲಿಲ್ಲ. ಎತ್ತಿ ಸೊಂಟಕ್ಕಿಟ್ಟುಕೊಂಡು ಗುಡ್ಡ ಹತ್ತಿದಳು. ರೇಷ್ಮೆ ಸೀರೆ ಒಂದು ಬದಿ ಪೂರ್ತಿ ನೆನೆದಿತ್ತು.

ಒರತೆಯ ಎಲೆಯನ್ನು ನಾನು ಆಗಲೇ ಹೋಗಿ ತೆಗೆದೆ. ಸಂಜೆ ರೇವಣ್ಣ ಬಂದು, "ದೊಡ್ಡಮ್ಮಾವ್ರು ಆ ಗೇಟ್‌ವಾಲ್ವ್ ಬಿಚ್ಸಿ ಚರಂಡಿಗೆ ಬಿಸಾಕ್ಸಿದ್ರು," ಎಂದ.

ಸಂಬಂಧ ಕೂಡಿಬಂತು. ಅವಳು ಮದುವೆಗೆ ಕರೆಯಲು ಬಂದು, ಕುಂಕುಮ ಇಟ್ಟು, ನಿಂತ ಕಾಲಲ್ಲೇ ಹೊರಟಳು. ಒಂದು ಲೋಟ ನೀರು ಕೊಟ್ಟರೆ ಬೇಡ ಎಂದಳು.

ಈಗ ನನ್ನ ಸಿಂಕಿಗೆ ಧೋ ಎಂದು ನೀರು ಬರುತ್ತದೆ. ತಟ್ಟೆ ಹಿಡಿದರೆ ಎರಚಿ ರವಿಕೆಯೆಲ್ಲ ಒದ್ದೆ. ಮೊನ್ನೆ ತಡೆಯಲಾರದೆ ಸಿಂಕಿನ ಕೆಳಗೆ ಕೂತು ಅಲ್ಲಿನ ಸಣ್ಣ ವಾಲ್ವನ್ನು ಮುಚ್ಚುತ್ತ ಬಂದೆ. ನೀರು ನೂಲಿನಷ್ಟಾಯಿತು. ಹಾಗೆಯೇ ಬಿಟ್ಟಿದ್ದೇನೆ.