ಬಲಗಡೆಯ ಮುಂದಿನ ಚಕ್ರ

ಫೋಟೋಗ್ರಾಫರ್ ಕಾರಿನಿಂದ ಇಳಿಯುವಾಗಲೇ ಜಗಳಕ್ಕೆ ತೋಳೇರಿಸಿಕೊಂಡಿದ್ದ. ಬಾಗಿಲನ್ನು ಧಡಾರನೆ ಹಾಕಿ, ಟೈರು ಅಂಗಡಿಯೊಳಗೆ ನಿಂತಿದ್ದ ಅವಳನ್ನು ಕಂಡವನೇ ಶುರು ಮಾಡಿದ.

"ಏನಕ್ಕಾ, ಎಂಥಾ ಟೈರು ಕೊಟ್ಟಿದೀರ ನನಗೆ? ತಿರುವು ಬಂದ್ರೆ ಸಾಕು, ಗರ್ರ್ ಅಂತ ಉಜ್ಜುತ್ತೆ. ಮದುಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿ ಇದು. ಅಳತೆ ತಪ್ಪಿದ ಟೈರು ನನ್ನ ತಲೆಗೆ ಕಟ್ಟಿದೀರ ಅಂತ ಎದುರುಗಡೆಯವರೇ ಹೇಳಿದ್ರು."

ಎದುರುಗಡೆಯವರು ಎಂದರೆ ಅವಳ ಮೈದುನ. ಅವನ ಸುದ್ದಿ ಬಂದದ್ದೇ ಅವಳ ಹೊಟ್ಟೆಯೊಳಗೆ ಹಳೆಯ ಕೆಂಡ ಮಗ್ಗುಲು ಬದಲಿಸಿತು.

ರಸ್ತೆಯ ಆಚೆ ಬದಿಯ ಆ ಗ್ಯಾರೇಜನ್ನು ಕಟ್ಟಿ ಬೆಳೆಸಿದವನು ಅವಳ ಗಂಡ. ಅವನು ಇಂಜಿನ್ನು ನೋಡಿಕೊಂಡರೆ, ಅವಳು ಟೈರು ಮತ್ತು ಅಲೈನ್‌ಮೆಂಟ್. ಗಿಡ್ಡ ಸ್ಪ್ರಿಂಗು ಹಾಕಿ ಕಾರುಗಳನ್ನು ತಗ್ಗಿಸಿ ನೆಲಕ್ಕೆ ಅಂಟಿದಂತೆ ಕೂರಿಸುವುದು, ಬಣ್ಣದ ದೀಪ ಹಾಕುವುದು, ಇಂಥ ಷೋಕಿ ಕೆಲಸವೆಲ್ಲ ಮೈದುನನ ಪಾಲು. ಒಂದು ಬೆಳಗ್ಗೆ ಗಂಡನ ಕಾರು ಎಡ ತಿರುವಿನಲ್ಲಿ ಮಗುಚಿ ಬಿತ್ತು. ಬಲಗಡೆಯ ಮುಂದಿನ ಟೈರು ಸಿಡಿದಿತ್ತು. ಆ ಟೈರು ಹಾಕಿದ್ದವಳು ಅವಳೇ.

ಹೆಣ ಇನ್ನೂ ಮನೆಯಲ್ಲಿರುವಾಗಲೇ ಮೈದುನ ಬಂದವರ ಮುಂದೆಲ್ಲ ಎದೆ ಬಡಿದುಕೊಂಡ. "ಅತ್ತಿಗೆ ಹಾಕಿದ ಟೈರೇ ನಮ್ಮಣ್ಣನ್ನ ನುಂಗಿಬಿಡ್ತು!" ಅತ್ತೆ ಅದನ್ನು ನಂಬಿದರು. ಗ್ಯಾರೇಜಿನ ಜಾಗ ಅತ್ತೆಯದು. ಅಳು ನಿಲ್ಲುವ ಮೊದಲೇ ಮೈದುನ ಮುರಿದ ಕಾರನ್ನು ಗುಜರಿಗೆ ಸಾಗಿಸಿದ, ಆಮೇಲೆ ಅವಳನ್ನೂ ಹೊರಗೆ ಸಾಗಿಸಿದ. ಗುಜರಿಯವರ ಕೈಯಿಂದ ಅವಳು ಕಿತ್ತುಕೊಂಡು ಉಳಿಸಿಕೊಂಡದ್ದು ಆ ಸಿಡಿದ ಟೈರೊಂದನ್ನೇ.

ಬೇರೆ ಊರಿಗೆ ಹೋಗಿ ಬದುಕು ನೋಡಿಕೋ ಎಂದು ಅವಳ ತವರಿನ ಅಣ್ಣ ಹೇಳಿದ. "ಇಲ್ಲ, ಅವನ ಕಣ್ಣಲ್ಲಿ ಬಿದ್ದ ಕಸದ ಹಾಗೆ ಇಲ್ಲೇ ಇರ್ತೀನಿ" ಎಂದು ಅವಳು ಎದುರಿಗೇ ಅಂಗಡಿ ಹಿಡಿದಳು. ಬಾಯಲ್ಲಿ ಇಷ್ಟು ಗಟ್ಟಿಯಾಗಿದ್ದರೂ ಒಳಗೊಳಗೇ ಒಂದು ಹುಳ ಕೊರೆಯುತ್ತಿತ್ತು. ನಿಜಕ್ಕೂ ನನ್ನ ಕೈಯೇ ತಪ್ಪಿತೇ? ಕೆಲಸವಿಲ್ಲದಾಗ ಆ ಟೈರನ್ನು ಮೂಲೆಯಿಂದ ಎಳೆದು ತಿರುಗಿಸಿ ನೋಡುತ್ತಿದ್ದಳು. ಹೊರ ಅಂಚಿನ ಸುತ್ತ ನುಣ್ಣಗೆ ಹೊಳೆಯುವ ಒಂದು ಪಟ್ಟೆ ಇತ್ತು. ಕಾರು ಮಗುಚಿ ಎಳೆದುಕೊಂಡು ಹೋದಾಗ ರಸ್ತೆಗೆ ತರಚಿದ್ದು ಎಂದುಕೊಂಡಿದ್ದಳು.

"ಕೂಗಾಡಬೇಡಿ. ನನ್ನ ಟೈರಿನದೇ ತಪ್ಪಾದ್ರೆ ಹೊಸದು ಹಾಕಿಕೊಡ್ತೀನಿ," ಎಂದಳು ಫೋಟೋಗ್ರಾಫರನಿಗೆ. "ನಾನು ಟೈರು ಹಾಕಿದಾಗ ಉಜ್ಜುತ್ತಿತ್ತಾ?"

"ಆಗ ಇಲ್ಲ. ಆಮೇಲೆ ಎದುರುಗಡೆಯವರ ಹತ್ರ ಗಾಡಿ ತಗ್ಗಿಸಿದೆ ನೋಡಿ, ಆವಾಗಿಂದ."

ಕಾರಿನ ಬಾಗಿಲ ಅಂಚಿಗೆ ಕಂಪನಿಯವರು ಅಂಟಿಸಿದ ಚೀಟಿಯ ಅಳತೆ ಓದಿದಳು. ಟೈರಿನ ಅಳತೆಯೂ ಅದೇ. ಕಾರು ನಿಂತಲ್ಲೇ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದಳು. ಸದ್ದಿಲ್ಲ. ಟೈರಿನ ಅಗಲವೇ ಕಾರಣವಾಗಿದ್ದರೆ ಇಲ್ಲೇ ತಗುಲಬೇಕಿತ್ತು. ನಾಲ್ಕೂ ಟೈರಿನ ಅಂಚಿಗೆ ದಪ್ಪಗೆ ಸೀಮೆಸುಣ್ಣ ಬಳಿದು, ಫೋಟೋಗ್ರಾಫರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ನೇರ ರಸ್ತೆಯಲ್ಲಿ ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಿತು. ಮಾರುಕಟ್ಟೆಯ ಬಳಿ ಎಡಕ್ಕೆ ತಿರುಗುವಾಗ ಚಕ್ರ ಒಂದು ಗುಂಡಿಗೆ ಇಳಿದದ್ದೇ ಬಲಗಡೆ ಮುಂದಿನಿಂದ ಗರ್ರ್ ಎಂದಿತು.

"ಕೇಳಿದ್ರಾ?" ಎಂದ ಅವನು, ಗೆದ್ದವನ ಹಾಗೆ.

"ಕೇಳಿದೆ. ಎಡಕ್ಕೆ ತಿರುಗಿದಾಗ ಗಾಡಿಯ ಭಾರವೆಲ್ಲ ಬಲಕ್ಕೆ ವಾಲುತ್ತೆ. ಅದನ್ನ ಹೊರಬೇಕಾದ ಸ್ಪ್ರಿಂಗು ಹೊರ್ತಾ ಇಲ್ಲ."

ಅಂಗಡಿಗೆ ಬಂದು ನೋಡಿದರೆ ಮೂರು ಟೈರಿನ ಸುಣ್ಣ ಹಾಗೇ ಇತ್ತು. ಬಲಗಡೆಯ ಮುಂದಿನದರಲ್ಲಿ ಮಾತ್ರ ಹೊರ ಅಂಚಿನದು ಒರೆಸಿ ಹೋಗಿ, ಅದರಡಿಯ ರಬ್ಬರು ನುಣ್ಣಗೆ ಹೊಳೆಯುತ್ತಿತ್ತು. ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಗೆ ಕೈಯಾಡಿಸಿದಳು. ಅಲ್ಲೂ ಉಜ್ಜಿದ ಗುರುತು. ಟೇಪು ಹಿಡಿದರೆ ಎಡಕ್ಕಿಂತ ಬಲಗಡೆ ಒಂದು ಬೆರಳು ತಗ್ಗು. ಜಾಕು ಕೊಟ್ಟು ಎತ್ತಿದಳು. ಚಕ್ರ ಜೋತುಬಿದ್ದಾಗ ಒಳಗೆ ಟಣ್ ಎಂದಿತು. ಬಿಗಿಯಾಗಿ ಕೂತಿರಬೇಕಾದ ಸ್ಪ್ರಿಂಗು ಅವಳ ಎರಡು ಬೆರಳಿಗೆ ಬಳೆಯ ಹಾಗೆ ಸಲೀಸಾಗಿ ತಿರುಗಿತು. ಅದರ ತುದಿಯನ್ನು ಮಿಷನ್ನಿನಿಂದ ಕತ್ತರಿಸಲಾಗಿತ್ತು. ಕಾದು ನೀಲಿಗಟ್ಟಿದ್ದ ಕಲೆ ಇನ್ನೂ ಇತ್ತು.

ಅವಳ ಕೈ ಅಲ್ಲೇ ನಿಂತಿತು.

ಗಂಡನ ಕಾರಿಗೆ ಆ ಟೈರು ಹಾಕಿಕೊಟ್ಟು ಅವಳು ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಅಲ್ಲಿಗೆ ಗಂಡ ಫೋನು ಮಾಡಿದ್ದ. "ನನ್ನ ಗಾಡೀನೂ ತಗ್ಗಿಸಿಕೊಟ್ಟಿದಾನೆ ಕಣೇ ನಿನ್ನ ಮೈದುನ. ಗಿಡ್ಡ ಸ್ಪ್ರಿಂಗು ತರಿಸಿದ್ನಂತೆ. ಬಲಗಡೆ ಏನೋ ಉಜ್ಜುತ್ತೆ, ನೀನು ಬಂದ ಮೇಲೆ ನೋಡು." ಅವಳು ಬಂದದ್ದು ಸಾವಿನ ಮನೆಗೆ. ಅಳುವಿನ ನಡುವೆ ಆ ಮಾತು ಎಲ್ಲೋ ಮುಳುಗಿಹೋಗಿತ್ತು. ಈಗ ಅದು ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ ಕೇಳಿಸಿತು. ಮೂಲೆಯ ಸಿಡಿದ ಟೈರನ್ನು ತಂದು ಫೋಟೋಗ್ರಾಫರನ ಟೈರಿನ ಪಕ್ಕ ಇಟ್ಟಳು. ಅದೇ ಅಂಚು, ಅದೇ ಪಟ್ಟೆ. ರಸ್ತೆ ತರಚಿದ್ದಾದರೆ ಗೀರುಗೀರಾಗಿರಬೇಕಿತ್ತು. ಇದು ಎಷ್ಟೋ ತಿರುವುಗಳಲ್ಲಿ ಉಜ್ಜಿ ಉಜ್ಜಿ ಸವೆದದ್ದು.

ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ತಣ್ಣಗಾಯಿತು, ತಲೆ ತಿಳಿಯಾಯಿತು. ಸ್ಪ್ರಿಂಗು ಬದಲಿಸಿ ಸುಮ್ಮನೆ ಕಳಿಸಿಬಿಡಬಹುದಿತ್ತು. ಅಷ್ಟು ಒಳ್ಳೆಯತನ ಅವಳಲ್ಲಿ ಉಳಿದಿರಲಿಲ್ಲ.

"ಬನ್ನಿ, ನಿಮ್ಮ ಗಾಡಿಯನ್ನ ಎದುರುಗಡೆಯವರ ಬಾಗಿಲಲ್ಲೇ ಎತ್ತೋಣ. ನಿಧಾನಕ್ಕೆ ದಾಟಿಸಿ," ಎಂದಳು.

ಗ್ಯಾರೇಜು ಗಿರಾಕಿಗಳಿಂದ ತುಂಬಿದ್ದ ಹೊತ್ತು. ಅವಳು ಒಂದು ಕೈಯಲ್ಲಿ ಜಾಕು ಎಳೆಯುತ್ತ, ಇನ್ನೊಂದರಲ್ಲಿ ಸಿಡಿದ ಟೈರನ್ನು ಕುಂಟಿಸಿಕೊಂಡು ಉರುಳಿಸುತ್ತ ರಸ್ತೆ ದಾಟಿದಳು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮುಖ ತಿರುಗಿಸಿದರು. ಮೈದುನ ಕೈ ಒರೆಸಿಕೊಳ್ಳುತ್ತ ಬಂದ.

"ಏನು ಅತ್ತಿಗೆ, ದಾರಿ ತಪ್ಪಿ ಬಂದ್ರಾ?" ಸುತ್ತ ಇದ್ದವರು ನಕ್ಕರು.

ಅವಳು ಜಾಕನ್ನು ಬಲಗಡೆಯ ಮುಂದಿನ ಚಕ್ರದ ಬಳಿಗೆ ತಳ್ಳಿದಳು. ಕಾರನ್ನು ಎತ್ತಿದಳು. ಟಣ್ ಎಂದಿತು. "ಸ್ಪ್ರಿಂಗಿಗೆ ಕೈ ಹಾಕಿ, ತಿರುಗಿಸಿ," ಎಂದಳು ಫೋಟೋಗ್ರಾಫರನಿಗೆ. ಅವನು ತಿರುಗಿಸಿದ.

"ಇದು... ಇದು ಕೈಗೇ ಬರ್ತಿದೆಯಲ್ಲ!"

"ಗಿಡ್ಡ ಸ್ಪ್ರಿಂಗು ಅಂತ ಹೇಳಿ ಇರೋದನ್ನೇ ಕತ್ತರಿಸಿದಾರೆ. ಅದೂ ಎರಡೂ ಕಡೆ ಒಂದೇ ಸಮ ಇಲ್ಲ." ಅವಳು ದನಿ ಏರಿಸಲಿಲ್ಲ. ಗಿರಾಕಿಗಳು ತಾವಾಗಿಯೇ ಹತ್ತಿರ ಬಂದರು. ಒಬ್ಬ ತನ್ನ ಕಾರಿನ ಕಡೆ ತಿರುಗಿ ನೋಡಿದ. ಅವಳು ಸಿಡಿದ ಟೈರನ್ನು ಅತ್ತೆಯ ಕಾಲ ಬಳಿಗೇ ಉರುಳಿಸಿ ಮಲಗಿಸಿದಳು.

"ಅತ್ತೆ, ಅವತ್ತು ಸಿಡಿದ ಈ ಟೈರಿನ ಅಂಚು ನೋಡಿ, ಆ ಗಾಡಿಯ ಟೈರಿನ ಅಂಚು ನೋಡಿ. ಆಮೇಲೆ ನಿಮ್ಮ ಮಗನ್ನ ಒಂದೇ ಒಂದು ಮಾತು ಕೇಳಿ. ಅಣ್ಣನ ಗಾಡಿಗೆ ಏನು ಹಾಕಿದ್ದ?"

ಅತ್ತೆ ಬಗ್ಗಿ ಅದನ್ನೂ, ಎದ್ದು ಹೋಗಿ ಕಾರಿನದನ್ನೂ ಮುಟ್ಟಿ ನೋಡಿದರು. ಗ್ಯಾರೇಜಿನಲ್ಲೇ ಮುದುಕಿಯಾದವರು ಅವರು, ಬಿಡಿಸಿ ಹೇಳಬೇಕಾಗಿರಲಿಲ್ಲ. "ಹೇಳೋ," ಎಂದರು.

"ಅಮ್ಮಾ, ಇವರ ಮಾತು ಕಟ್ಟಿಕೊಂಡು..."

"ಹೇಳೋ!"

ಮೈದುನ ಗಿರಾಕಿಗಳನ್ನು ನೋಡಿದ, ನೆಲ ನೋಡಿದ. "ಸ್ಪ್ರಿಂಗು ಬರೋದು ತಡ ಆಗಿತ್ತು. ಅಣ್ಣಾನೇ ಅವಸರ ಮಾಡ್ತಿದ್ದ. ಆಮೇಲೆ ಬದಲಾಯಿಸಿದ್ರಾಯ್ತು ಅಂತ..."

"ಗೊತ್ತಿದ್ದೂ ನನ್ನ ತಲೆಗೆ ಕಟ್ಟಿದೆ," ಎಂದಳು ಅವಳು. "ಹೆಣದ ಮುಂದೆ ನಿಂತು ಎಷ್ಟು ಜೋರಾಗಿ ಹೇಳಿದ್ಯೋ, ಅಷ್ಟೇ ಜೋರಾಗಿ ಈಗ ಹೇಳು. ಯಾರ ಕೈ ನಿನ್ನಣ್ಣನ್ನ ಕೊಂದಿದ್ದು?"

ಅವನು ಹೇಳಿದ. ಮೊದಲ ಸಲ ಬರೀ ಪಿಸುಮಾತು. ಅವಳು ಇನ್ನೊಮ್ಮೆ ಹೇಳಿಸಿದಳು. ಆ ಎರಡನೇ ಸಲ ಅವಳಿಗೆ ಮೈತುಂಬ ಹಿತವಾಯಿತು, ಬಿಸಿನೀರು ಸುರಿದುಕೊಂಡ ಹಾಗೆ. ಅದಕ್ಕೆ ಅವಳು ನಾಚಲಿಲ್ಲ.

ಅತ್ತೆ ಅಂದೇ ಷಟರ್ ಎಳೆಸಿದರು. ಮಾರನೆಯ ದಿನ ಅವಳ ಅಂಗಡಿಗೆ ಬಂದು, "ಗ್ಯಾರೇಜಿನ ಬೀಗದ ಕೈ ತಗೋ. ಅವನನ್ನ ಊರು ಬಿಡಿಸ್ತೀನಿ," ಎಂದರು.

"ಬಿಡಿಸಬೇಡಿ ಅತ್ತೆ. ಊರು ಬಿಟ್ಟರೆ ತಪ್ಪಿಸಿಕೊಂಡ ಹಾಗೆ. ಅವನು ತಗ್ಗಿಸಿದ ಗಾಡಿಗಳೆಲ್ಲ ಇನ್ನೂ ರಸ್ತೆ ಮೇಲಿವೆ. ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ, ನಾನು ಮೋಸ ಮಾಡಿದೆ ಅಂತ ಹೇಳಿ ಗಾಡಿ ತರಲಿ. ನನ್ನ ಕಣ್ಣ ಮುಂದೆ ಬಿಚ್ಚಿ ಸರಿ ಮಾಡಲಿ."

ಹಾಗೇ ಆಯಿತು. ಕೆಲವರು ಅವನ ಮುಖಕ್ಕೇ ಬೈದರು. ಒಬ್ಬ ಕಪಾಳಕ್ಕೆ ಹೊಡೆದನಂತೆ. ಅವನು ಗ್ರೀಸಿನಲ್ಲಿ ಮಿಂದು, ಕತ್ತರಿಸಿದ ಸ್ಪ್ರಿಂಗುಗಳನ್ನು ಒಂದೊಂದೇ ತೆಗೆದು ಅವಳ ಕಾಲ ಬಳಿ ಇಟ್ಟ. ಅವಳು ಪ್ರತಿ ಚಕ್ರವನ್ನೂ ತಿರುಗಿಸಿ ನೋಡಿದಳು. ಅವನ ಕಡೆ ನೋಡಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಮೆಲ್ಲಗೆ ಕೇಳಿದರು, "ಈಗಲಾದರೂ ನಿನ್ನ ಹೊಟ್ಟೆ ತಣ್ಣಗಾಯ್ತೇನಮ್ಮ?"

ಅವಳು ನಿಜವಾಗಿಯೇ ಯೋಚಿಸಿ ನೋಡಿದಳು.

"ಇಲ್ಲ ಅತ್ತೆ," ಎಂದು ಮುಂದಿನ ಗಾಡಿಯನ್ನು ಒಳಗೆ ಬಿಡಲು ಕೈಮಾಡಿದಳು.