ಮಗ್ಗದ ಗುಂಡಿಯ ದನಿ

ಬೇಯುವ ರೇಷ್ಮೆಗೂಡಿನ ವಾಸನೆ ಭಾಗ್ಯಮ್ಮನಿಗೆ ಹುಟ್ಟಿನಿಂದಲೇ ಒಗ್ಗಿದ್ದು. ಆದರೆ ಕೆಂಡಕ್ಕೆ ಬಿದ್ದ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ, ಅರವತ್ತು ದಾಟಿದ ಈ ವಯಸ್ಸಿನಲ್ಲೂ ಅವಳು ಕೈಕೆಲಸ ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಅದು ಮುಳ್ಳೂರಿನ ತವರುಮನೆಯ ವಾಸನೆ. ಅಕ್ಕ ಚಿಕ್ಕಬಸಮ್ಮನಿಗೆ ಗಾಳಿ ಸೋಕಿದೆಯೆಂದು ಬಾಗಿಲು ಮುಚ್ಚಿ ಹೊಗೆ ಹಾಕಿದ ದಿನದ ವಾಸನೆ. ಅಕ್ಕ ನಡೆಯುತ್ತ ನಡೆಯುತ್ತಲೇ ಬಿದ್ದುಬಿಡುತ್ತಿದ್ದಳು, ಒಂದು ದೀಪ ಎರಡಾಗಿ ಕಾಣುತ್ತದೆ ಎನ್ನುತ್ತಿದ್ದಳು. ಹೊಟ್ಟೆ ಒಣಗಿಸಿದರೆ ದೆವ್ವ ಬಿಟ್ಟುಹೋಗುತ್ತದೆಂದು ಆವತ್ತು ಅವಳಿಗೆ ಅನ್ನವನ್ನೂ ಕೊಟ್ಟಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಪುಟ್ಟ ಭಾಗ್ಯಳಿಗೆ ಹೊಗೆಯೊಳಗಿಂದ ಒಂದೇ ಮಾತು ಕೇಳಿಸಿತ್ತು: "ಈ ಕಾಲು ನಂದಲ್ಲ ಕಣವ್ವ."

ಆಮೇಲೆ ಅಕ್ಕ ಯಾರೊಂದಿಗೂ ಮಾತಾಡಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಅವಳೇ ಇರಲಿಲ್ಲ.

ಆ ಮಾತು ಭಾಗ್ಯಮ್ಮನಿಗೆ ಮತ್ತೆ ಕೇಳಿಸಿದ್ದು ಈ ಬೇಸಿಗೆಯಲ್ಲಿ, ಕೊಳ್ಳೇಗಾಲದ ತನ್ನದೇ ಮನೆಯಲ್ಲಿ.

ಸೊಸೆ ಕೋಮಲ ಒಂದು ವರ್ಷದಿಂದ ಸರಿಯಿರಲಿಲ್ಲ. ಲೋಟ ಕೈಜಾರುತ್ತಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು. "ಏನ್ ಭಾಗ್ಯಕ್ಕ, ನಿನ್ ಸೊಸೆ ಬೆಳಬೆಳಗ್ಗೆನೇ ಏರಿಸ್ಕಂಡವ್ಳಾ?" ಎಂದು ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು. ಮೈಸೂರಿನ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ನಾಲಿಗೆ ಹೊರಳದ ಹೆಸರು ಹೇಳಿ, ಇಂಜೆಕ್ಷನ್ ಬರೆದುಕೊಟ್ಟಿದ್ದರು. ನೋಡಿದರೆ ಮೈಕೈ ತುಂಬಿಕೊಂಡ ಹುಡುಗಿ. ಕಾಯಿಲೆ ಎಲ್ಲಿದೆಯೆಂದು ಭಾಗ್ಯಮ್ಮನಿಗೆ ಕಾಣುತ್ತಿರಲಿಲ್ಲ. ಬಿಸಿ ಮುದ್ದೆ ಬೇಡ, ಒಲೆಯ ಮುಂದೆ ನಿಲ್ಲಲಾರೆ ಎನ್ನುವುದೆಲ್ಲ ಮೈಗಳ್ಳತನ ಎಂದುಕೊಂಡಿದ್ದಳು.

ಆದರೆ ಶುಕ್ರವಾರದ ಮಧ್ಯಾಹ್ನಗಳದ್ದು ಮೈಗಳ್ಳತನವಲ್ಲ. ಬೀದಿಯಲ್ಲಿ ನಾಯಿಯೂ ಓಡಾಡದ ಉರಿಬಿಸಿಲಿನ ಹೊತ್ತಿಗೆ ಕೋಮಲ ಮಗ್ಗದ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಭಾಗ್ಯಮ್ಮನ ಗಂಡ ಮುತ್ತಯ್ಯ ತೀರಿಕೊಂಡ ಮೇಲೆ ಆ ಕೈಮಗ್ಗದಲ್ಲಿ ಯಾರೂ ಕೂತಿರಲಿಲ್ಲ. ನೇಯುವವರು ಕಾಲು ಇಳಿಬಿಟ್ಟು ಕೂರಲೆಂದು ನೆಲದಲ್ಲಿ ತೋಡಿದ ಗುಂಡಿ ಕತ್ತಲು ತುಂಬಿಕೊಂಡು ಬಿದ್ದಿತ್ತು. ಒಂದು ದಿನ ಬಾಗಿಲಾಚೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಭಾಗ್ಯಮ್ಮನಿಗೆ ಆ ಗುಂಡಿಯೊಳಗಿಂದ ಎರಡು ದನಿ ಕೇಳಿಸಿದವು.

"ಕಣ್ಣು ಮುಚ್ಚಿ," ಎಂದಿತು ಒಂದು. ಗುರುತಿಲ್ಲದ ಹೆಣ್ಣುದನಿ. ಬಾವಿಯ ತಳದಿಂದ ಬಂದಂತೆ ಅಲ್ಲಲ್ಲಿ ಕಡಿಯುತ್ತಿತ್ತು. "ನಿಧಾನಕ್ಕೆ ಉಸಿರು ಬಿಡಿ. ಈಗ ಹೇಳಿ, ಕಾಲು ಎಲ್ಲಿದೆ?"

"ಇಲ್ಲ." ಇದು ಕೋಮಲಳ ದನಿ. "ಈ ಕಾಲು ನಂದಲ್ಲ."

ಭಾಗ್ಯಮ್ಮನ ಕೈಯಿಂದ ಮೊರ ಜಾರಿತು. ಒಳಗೆ ಸದ್ದು ನಿಂತಿತು. ಆಮೇಲೆ ಕೋಮಲ ಅತ್ತಳು. ಅಳುತ್ತಿದ್ದವಳು ಹಾಗೇ ನಕ್ಕಳು.

ಸಂಜೆ ಮಗ ನಟರಾಜು ಪವರ್‌ಲೂಮಿನ ಕೆಲಸ ಮುಗಿಸಿ ಬಂದಾಗ ಭಾಗ್ಯಮ್ಮ ಹೊಸ್ತಿಲಲ್ಲೇ ತಡೆದಳು.

"ನಮ್ಮಕ್ಕ ಬಂದವ್ಳೆ ಕಣ್ಲಾ. ಅದೇ ಮಾತು. ಕಿವಿಯಾರೆ ಕೇಳ್ದೆ."

"ಅವ್ವ, ಅದು ನರದ ಕಾಯ್ಲೆ ಅಂತ ಡಾಕ್ಟ್ರು ಹೇಳಿಲ್ವಾ?"

"ನರದ ಕಾಯ್ಲೆ ಆದ್ರೆ ಗುಂಡಿ ಒಳಗೆ ಇನ್ನೊಬ್ಳು ಮಾತಾಡ್ತಾಳೇನ್ಲಾ? ಇಂಜೆಕ್ಷನ್ ಕೊಡ್ಸು, ಬ್ಯಾಡ ಅಂದ್ನಾ? ಇದು ಇಂಜೆಕ್ಷನ್ನಿಗೆ ಬಗ್ಗಾದಲ್ಲ."

ನಟರಾಜು ಹೆಂಡತಿಯ ಮುಖ ನೋಡಿದ. ಕೋಮಲ ಗೋಡೆ ಹಿಡಿದು ಒಳಗೆ ಹೋದಳು. "ಒಂದ್ಸಲ ಯಾರಾದ್ರೂ ಬಂದು ನೋಡ್ಲಿ ಬುಡು," ಎಂದು ಅವನು ಸೋತ.

ಕೌದಳ್ಳಿಯ ಹೊನ್ನಯ್ಯನಿಗೆ ಫೋನು ಹೋಯಿತು. ಗಾಳಿ ಬಿಡಿಸುವುದರಲ್ಲಿ ಹೆಸರಾದವನು. "ಶುಕ್ರವಾರನೇ ಬತ್ತೀನಿ ತಾಯಿ. ಬೆಳಗ್ಗಿಂದ ಅದ್ರ ಹೊಟ್ಟೆಗೆ ಏನೂ ಕೊಡ್ಬ್ಯಾಡಿ," ಎಂದ.

ಆ ಶುಕ್ರವಾರ ಕೋಮಲ ಉಪವಾಸಕ್ಕೆ ಎದುರಾಡಲಿಲ್ಲ. ಅದೇ ಭಾಗ್ಯಮ್ಮನಿಗೆ ಹೆಚ್ಚು ಭಯ ಹುಟ್ಟಿಸಿತು. ಮಧ್ಯಾಹ್ನ ಎಂದಿನಂತೆ ಗೋಡೆ ಸವರುತ್ತ ಹೋಗಿ ಸೊಸೆ ಬಾಗಿಲು ಹಾಕಿಕೊಂಡಳು.

ಹೊನ್ನಯ್ಯ ಬಡಕಲು ಮುದುಕ. ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಒಳಗೆ ಬಂದ. "ಕೆಂಡ ತಕಂಡು ಬಾ. ಮೆಣ್ಸಿನ್ಕಾಯಿ ನಾನೇ ತಂದಿವ್ನಿ. ಮೊದ್ಲು ಅದು ಯಾರು ಅಂತ ಕೇಳುಸ್ಕಳವಾ," ಎಂದು ಮಗ್ಗದ ಕೋಣೆಯ ಬಾಗಿಲಿಗೆ ಕಿವಿಯಿಟ್ಟ. ಭಾಗ್ಯಮ್ಮ ಕೆಂಡದ ಹಂಚು ಹಿಡಿದು ಪಕ್ಕದಲ್ಲಿ ನಿಂತಳು.

"ಇವತ್ತು ದನಿ ಸೋತಿದೆಯಲ್ಲ ಕೋಮಲ. ಊಟ ಆಯ್ತಾ?" ಗುಂಡಿಯ ದನಿ ಕೇಳಿತು.

"ಇಲ್ಲ ಮೇಡಂ. ಇವತ್ತು ನಂಗೆ ಹೊಗೆ ಹಾಕ್ತಾರೆ. ಉಪ್ವಾಸ ಇರ್ಬೇಕಂತೆ."

"ನೀವು ಬೇಡ ಅನ್ನಬಹುದು. ಮನೆಯವರ ಹತ್ತಿರ ನಾನು ಈಗಲೇ ಮಾತಾಡಲಾ?"

"ನಮ್ಮತ್ತೆ ಕೆಟ್ಟೋರಲ್ಲ ಮೇಡಂ. ಅವ್ರಿಗೂ ಭಯ. ರಾತ್ರಿ ನಾನು ಬಚ್ಚಲಿಗೆ ಎದ್ರೆ ಅವ್ರು ನಿದ್ದೆ ಬಂದಂಗೇ ಮಲಗಿರ್ತಾರೆ. ಆದ್ರೆ ಕೈ ಚಾಚಿ ಲೈಟ್ ಹಾಕಿರ್ತಾರೆ."

ಅದು ಯಾರಿಗೂ ಗೊತ್ತಿಲ್ಲವೆಂದು ಭಾಗ್ಯಮ್ಮ ತಿಳಿದಿದ್ದಳು.

"ನಿಮಗೆ ಏನಾಗುತ್ತೆ ಅಂತ ಅವರಿಗೆ ಹೇಳಿದ್ದೀರಾ?"

"ಕಾಯ್ಲೆ ಹೆಸ್ರು ಎಲ್ರೂ ಕೇಳಿದ್ರು. ಈಗ ದೆವ್ವದ ಹೆಸ್ರು ಕೇಳಕ್ಕೆ ಬತ್ತಾವ್ರೆ. ಕಾಲು ಹೆಂಗಾಯ್ತದೆ ಅಂತ ಕೇಳಿದ್ದು ನೀವೊಬ್ರೇ."

ಹೊನ್ನಯ್ಯ ಬಾಗಿಲಿನಿಂದ ಕಿವಿ ತೆಗೆದು ನೇರ ನಿಂತ. "ನಾನೂ ಇದನ್ನೇ ಕೇಳಾದು ಕಣವ್ವ," ಎಂದು ಪಿಸುಗುಟ್ಟಿದ. "ಯಾರು ನೀನು, ಏನ್ ಬೇಕು ನಿಂಗೆ, ಅಂತ. ಎಷ್ಟೋ ಹೆಣ್ಮಕ್ಳು ಬಾಯ್ ಬುಟ್ಟಿರಾದೇ ನನ್ ಮುಂದೆ. ಅತ್ತು ಹಗುರಾಗಿ ಓಗ್ತಾವೆ."

"ಹೊಗೆ ಇಲ್ದೆ ಕೇಳಕ್ಕಾಗಲ್ವಾ?" ಎಂದಳು ಭಾಗ್ಯಮ್ಮ.

ಅವನು ಮುಷ್ಟಿಯಲ್ಲಿದ್ದ ಮೆಣಸಿನಕಾಯಿ ನೋಡಿದ. "ಹೊಗೆ ಇಲ್ದೆ ಕೇಳಿದ್ರೆ ದೆವ್ವ ಮಾತಾಡಲ್ಲ ತಾಯಿ. ಮನುಷ್ರು ಮಾತಾಡ್ತಾರೆ."

ಅವನ ಮುಷ್ಟಿಯಿಂದ ಒಂದು ಮೆಣಸಿನಕಾಯಿ ಜಾರಿ ಕೆಂಡಕ್ಕೆ ಬಿತ್ತು. ಅದೇ ಘಾಟು ಎದ್ದಿತು. ಅಕ್ಕನ ಕಾಲು ಹೇಗಾಗುತ್ತಿತ್ತು? ಭಾಗ್ಯಮ್ಮನಿಗೆ ತಿಳಿಯದು. ಅಂದು ಯಾರೂ ಕೇಳಿರಲಿಲ್ಲ, ಇನ್ನು ಕೇಳಲು ಅಕ್ಕನೂ ಇಲ್ಲ. ಅವಳು ಹಂಚನ್ನು ಕೆಳಗಿಟ್ಟು ಹತ್ತಿರದಲ್ಲಿದ್ದ ಚೊಂಬಿನ ನೀರು ಸುರಿದಳು. ಕೆಂಡ ಚುಂಯ್ ಎಂದು ಸತ್ತಿತು. ಬಾಗಿಲು ತಟ್ಟಿದಳು.

ಚಿಲಕ ತೆಗೆಯುವುದಕ್ಕೇ ಕೋಮಲಳಿಗೆ ಹೊತ್ತು ಹಿಡಿಯಿತು. ತೆಗೆದವಳು ತೆವಳಿಕೊಂಡು ಹೋಗಿ ಮತ್ತೆ ಗುಂಡಿಯಲ್ಲಿ ಇಳಿದು ಕೂತಳು. ಕೆಳಗಿಂದ ಬಿದ್ದ ನೀಲಿ ಬೆಳಕಿನಲ್ಲಿ ಬರಿಯ ಮುಖವೊಂದು ಕತ್ತಲಲ್ಲಿ ತೇಲುತ್ತಿದ್ದಂತೆ ಕಂಡಿತು. ಒಂದು ಕ್ಷಣ ಅದು ಅಕ್ಕನದೇ ಮುಖ. ಆಮೇಲೆ ಫೋನು ಕಣ್ಣಿಗೆ ಬಿತ್ತು. ಅದರೊಳಗೆ ಕನ್ನಡಕದ ಹುಡುಗಿ ಕೈಮುಗಿದಳು.

"ನಮಸ್ಕಾರ ಅಮ್ಮ. ನಾನು ದಿವ್ಯ, ಮೈಸೂರಿನ ಆಸ್ಪತ್ರೆಯವಳು. ಈ ಕಾಯಿಲೆಯಲ್ಲಿ ಮನಸ್ಸೂ ತುಂಬಾ ನೋಯುತ್ತೆ. ಅದಕ್ಕೇ ವಾರಕ್ಕೊಮ್ಮೆ ಹೀಗೆ ಮಾತಾಡ್ತೀವಿ."

"ಹೇಳಿದ್ರೆ ಹುಚ್ಚಿ ಅಂತಾರೆ ಅಂತ ಹೆದ್ರಿ ಮುಚ್ಚಿಟ್ಟಿದ್ದೆ ಅತ್ತೆ," ಎಂದಳು ಕೋಮಲ. "ಮೈ ಬಿಸಿ ಆದ್ರೆ ಕಣ್ಣು ಮಂಜಾಯ್ತದೆ. ಇಲ್ಲಿ ತಂಪು. ಅದ್ಕೇ ಇಲ್ಲಿ ಕೂರ್ತೀನಿ."

ಭಾಗ್ಯಮ್ಮ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಕಾಲು ಹೆಂಗಾಯ್ತದೆ ಕಣವ್ವ?"

ಕೋಮಲ ಅವಳನ್ನೇ ನೋಡಿದಳು. "ಜರಿ ಮೇಲಿನ ಬೆಳ್ಳಿ ಸುಲ್ದೋದ್ರೆ ಒಳಗಿನ ಎಳೆ ಬರಿದಾಗಿ ನಿಲ್ತದಲ್ಲ, ನನ್ ನರ ಹಂಗಾಗವಂತೆ. ನಡಿ ಅಂತೀನಿ, ಆ ಮಾತು ದಾರೀಲೇ ಕಡ್ದೋಯ್ತದೆ, ಕಾಲಿಗೆ ಮುಟ್ಟಲ್ಲ. ಆಗ ಇದು ಬೇರೆ ಯಾರ್ದೋ ಕಾಲು ಅನ್ಸ್ತದೆ. ಭಯ ಆಯ್ತದೆ ಅತ್ತೆ."

ಭಾಗ್ಯಮ್ಮ ಎದ್ದು ಹೊರಗೆ ಬಂದಳು. ಹೊನ್ನಯ್ಯ ಆಗಲೇ ಜೋಳಿಗೆ ಹೆಗಲಿಗೇರಿಸಿದ್ದ.

"ಉಂಡ್ಕಂಡು ಓಗಿ ಹೊನ್ನಯ್ನೋರೆ."

"ಮೊದ್ಲು ಆ ಮಗೀಗೆ ಕೊಡವ್ವ. ಮೆಣ್ಸಿನ್ಕಾಯಿ ಅಲ್ಲೇ ಇಟ್ಟಿವ್ನಿ, ಸಾರಿಗಾಯ್ತದೆ," ಎಂದು ಅವನು ಬಿಸಿಲಿಗೆ ಇಳಿದ.

ಅಡಿಗೆಮನೆಯಲ್ಲಿ ಭಾಗ್ಯಮ್ಮ ಅನ್ನಕ್ಕೆ ಮೊಸರು ಕಲಸಿ, ತಟ್ಟೆಯ ಬದಲು ನಡುಗುವ ಕೈಯಲ್ಲೂ ಚೆಲ್ಲದಂತೆ ಅಂಚು ಎತ್ತರವಿದ್ದ ಬೋಗುಣಿಗೆ ಹಾಕಿದಳು. ಸೆರಗಿನಿಂದ ಗಾಳಿ ಬೀಸಿ, ಬೆರಳಿಟ್ಟು ನೋಡಿ, ಪೂರ್ತಿ ಆರಿದ ಮೇಲೆ ತಂದಳು. ಫೋನು ಆರಿಹೋಗಿತ್ತು. ಅವಳು ಸೊಸೆಯ ಪಕ್ಕದಲ್ಲಿ ಕೂತು ತನ್ನ ಕಾಲನ್ನೂ ಗುಂಡಿಗೆ ಇಳಿಬಿಟ್ಟಳು. ಕೆಳಗಿನ ಮಣ್ಣು ತಣ್ಣಗಿತ್ತು. ಆ ಕತ್ತಲಲ್ಲಿ ಯಾವ ಕಾಲು ಯಾರದೆಂದು ಒಂದು ಗಳಿಗೆ ಅವಳಿಗೂ ತಿಳಿಯಲಿಲ್ಲ.

ಬೋಗುಣಿಯನ್ನು ಕೋಮಲಳ ಕೈಗಿಟ್ಟಳು. ಆ ಕೈಯ ನಡುಕ ನಿಲ್ಲುವವರೆಗೆ ಅದರಡಿಯಿಂದ ತನ್ನ ಕೈ ತೆಗೆಯಲಿಲ್ಲ.