ಮೇಲೆ ಬಂದ ಬಿಳಿ ಸ್ಕ್ರೂ

ಕಂಪ್ಯೂಟರಿನ ಪಕ್ಕದ ತಗಡಿಗೆ ನಾಲ್ಕು ಸ್ಕ್ರೂ. ಮೂರು ಕಪ್ಪು, ಒಂದು ಬಿಳಿ. ಕಪ್ಪಿನದೊಂದು ಹಿಂದೊಮ್ಮೆ ಮಂಚದ ಕೆಳಗೆ ಉರುಳಿ ಮಾಯವಾದದ್ದರಿಂದ ಅದರ ಜಾಗಕ್ಕೆ ಬಿಳಿಯದು ಬಂದಿತ್ತು. ಅದು ಯಾರ ಕಣ್ಣಿಗೂ ಬೀಳದಂತೆ ಕೆಳಗಿನ ಮೂಲೆಯಲ್ಲೇ ಇರಬೇಕು ಎಂಬುದು ಬೈಂಡರನ ಕಟ್ಟಪ್ಪಣೆ. ಆ ಭಾನುವಾರ ಬೆಳಿಗ್ಗೆ ನೋಡಿದರೆ ಬಿಳಿ ಸ್ಕ್ರೂ ಮೇಲಿನ ಮೂಲೆಯಲ್ಲಿ ಕೂತು ಹಲ್ಲು ಕಿರಿಯುತ್ತಿತ್ತು.

ಯಾರೋ ಬಿಚ್ಚಿದ್ದಾರೆ, ಅಷ್ಟಂತೂ ಖಂಡಿತ.

ಬೈಂಡರನೆಂದರೆ ಪುಸ್ತಕ ಹೊಲಿದು ರಟ್ಟು ಕಟ್ಟುವವನು, ಅಪ್ಪನಿಂದ ಕಲಿತ ಕೆಲಸ. ಅನುಮಾನ ಮಾತ್ರ ಯಾರೂ ಕಲಿಸಿದ್ದಲ್ಲ, ಅವನದೇ ಸ್ವಂತ ಆಸ್ತಿ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಮನುಷ್ಯ. ಮನೆಯ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ ಅದನ್ನು ಹೆಂಡತಿಗೂ ಹೇಳದ ಮಹಾನುಭಾವ. ಆ ಕಂಪ್ಯೂಟರನ್ನು ಬಿಡಿಭಾಗ ತಂದು ತಾನೇ ಜೋಡಿಸಿದ್ದ. ಜೋಡಿಸಿದ ಮೇಲೆ ಒಳಗಿನ ವಯರುಗಳು ಅಡ್ಡಾದಿಡ್ಡಿ ಬಿದ್ದಿರುವುದನ್ನು ಕಂಡು ಅವನ ಜೀವ ತಡೆಯಲಿಲ್ಲ. ಪುಸ್ತಕದ ಬೆನ್ನು ಹೊಲಿಯುವ ಮೇಣದ ದಾರದಿಂದ, ಅರ್ಧ ಬೆರಳಿಗೊಂದು ಗಂಟು ಹಾಕಿ, ದಾರಕ್ಕೆ ಬಗ್ಗದ ದಪ್ಪ ವಯರೊಂದನ್ನು ಬಿಟ್ಟು ಉಳಿದಷ್ಟನ್ನೂ ಹಿಂಬದಿಯ ತಗಡಿಗೆ ಹೊಲಿದುಬಿಟ್ಟಿದ್ದ. ಮನೆಗೆ ಬಂದವರಿಗೆ ಟೀ ಕೊಡುವ ಮೊದಲು ಆ ಹೊಲಿಗೆ ತೋರಿಸುತ್ತಿದ್ದ.

ಈಗ ಅದೇ ಕಂಪ್ಯೂಟರು ಸತ್ತಿತ್ತು. ಗುಂಡಿ ಒತ್ತಿದಾಗ ಟಪ್ ಎಂದಿತು, ಸುಟ್ಟ ವಾಸನೆ ಬಂತು, ಮುಗಿಯಿತು.

ಬರೀ ಯಂತ್ರ ಕೆಟ್ಟಿದ್ದರೆ ಅವನಿಗೆ ಅದು ಬಿಚ್ಚಿ ಜೋಡಿಸುವ ಹಬ್ಬವೇ. ಆದರೆ ಒಳಗಿನ ಎರಡನೇ ಹಾರ್ಡ್ ಡಿಸ್ಕಿನಲ್ಲಿ ಅಪ್ಪನ ದನಿ ಇತ್ತು. ಹದಿನಾಲ್ಕು ತಿಂಗಳ ಹಿಂದೆ ಅಪ್ಪನ ಗಂಟಲಿಗೆ ಆಪರೇಷನ್ ಆಗಿ ಮಾತು ಹೋಯಿತು. ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ, ಅದಕ್ಕೆ ಮುಂಚಿನ ಮೂರು ವಾರ ಅಪ್ಪ ದಿನಾ ಈ ಮೇಜಿನ ಮುಂದೆ ಕೂತು ಮಾತಾಡಿದ್ದರು. ಮನೆಯವರನ್ನೆಲ್ಲ ಹೆಸರು ಹಿಡಿದು ಕರೆದರು, ಅಂಟು ಕಾಯಿಸುವ ಹದ ಹೇಳಿದರು, ಹಳೇ ಗಿರಾಕಿಗಳನ್ನು ಬೈದರು. ಒಟ್ಟು ಇಪ್ಪತ್ತಾರು ಗಂಟೆಯ ರೆಕಾರ್ಡಿಂಗ್. ಈಗ ಅಪ್ಪನ ಮಾತೆಲ್ಲ ಮಡಿಲಿನ ಸ್ಲೇಟಿನ ಮೇಲೆ. ಆ ಇಪ್ಪತ್ತಾರು ಗಂಟೆಯಲ್ಲಿ ಒಂದು ನಿಮಿಷವನ್ನೂ ಮನೆಯಲ್ಲಿ ಯಾರೂ ಇಲ್ಲಿಯವರೆಗೆ ಕೇಳಿರಲಿಲ್ಲ. ಬೈಂಡರನಿಗೆ ಧೈರ್ಯ ಬರಲಿಲ್ಲ. ನಾಳೆ ಕೇಳೋಣ, ಮುಂದಿನ ತಿಂಗಳು ಕೇಳೋಣ ಎಂದು ತಳ್ಳುತ್ತ ಬಂದ. ಇನ್ನೊಂದು ಪ್ರತಿ ಮಾಡಿಡಿ ಎಂದು ಹೆಂಡತಿ ಹೇಳಿದಾಗ, "ನಾನು ಕಟ್ಟಿದ ಪೆಟ್ಟಿಗೆ ಕಣೇ ಇದು, ಏನಾಗತ್ತೆ?" ಎಂದು ನಕ್ಕಿದ್ದ.

ಅವನು ಕ್ರಮವಾಗಿಯೇ ಹೊರಟ. ಮದರ್‌ಬೋರ್ಡಿಗೆ ಹೋಗುವ ದಪ್ಪ ವಯರನ್ನು ಕಿತ್ತು, ಅದರ ತುದಿಯ ಹಸಿರಿಗೂ ಕಪ್ಪಿಗೂ ಬಗ್ಗಿಸಿದ ಜೆಮ್ ಕ್ಲಿಪ್ಪು ಸಿಕ್ಕಿಸಿದ. ಜೀವ ಇದ್ದಿದ್ದರೆ ಪವರ್ ಸಪ್ಲೈನ ಫ್ಯಾನು ತಿರುಗಬೇಕಿತ್ತು, ತಿರುಗಲಿಲ್ಲ. ಸರಿ, ಸತ್ತಿರುವುದು ಎಲ್ಲಕ್ಕೂ ಕರೆಂಟು ಹಂಚುವ ಪವರ್ ಸಪ್ಲೈ. ಪೇಟೆಗೆ ಹೋಗಿ, ಹಳೆಯದರ ಹಾಗೇ ವಯರುಗಳನ್ನು ಬಿಡಿಯಾಗಿ ಸಿಕ್ಕಿಸುವಂಥ ಹೊಸದು ತಂದ. ದಪ್ಪ ವಯರು ಬುಡದಲ್ಲಿ ಕರಕಲಾಗಿತ್ತಾದ್ದರಿಂದ ಅದನ್ನು ತೆಗೆದು ಹೊಸದನ್ನು ಹಾಕಿದ. ಹಾರ್ಡ್ ಡಿಸ್ಕಿಗೆ ಹೋಗುವ ತೆಳು ವಯರು ಮಾತ್ರ ಹೊಲಿಗೆಯ ನಟ್ಟನಡುವೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಬೇಕೆಂದರೆ ನಲವತ್ತು ಗಂಟು ಕತ್ತರಿಸಬೇಕು. ಹಳೆಯ ವಯರಿನ ತುದಿ ಹೊಸ ಪವರ್ ಸಪ್ಲೈಗೆ ಸಲೀಸಾಗಿ ಕೂತಿತು. ಕೂತ ಮೇಲೆ ಇನ್ನೇನು? ಹೊಸ ವಯರನ್ನು ಚೀಲದಿಂದ ತೆಗೆಯದೆ ಪಕ್ಕಕ್ಕಿಟ್ಟ. ಹೊಲಿಗೆ ಉಳಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ.

ಗುಂಡಿ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು. ಆದರೆ ಎರಡನೇ ಡಿಸ್ಕು ಕಾಣಲಿಲ್ಲ. ಡೇಟಾ ವಯರು ಬದಲಿಸಿದ, ಸಿಕ್ಕಿಸುವ ಜಾಗ ಬದಲಿಸಿದ. ಡಿಸ್ಕಿನ ಮೇಲೆ ಕಿವಿ ಇಟ್ಟು ಕೇಳಿದ. ಒಳಗೆ ಗುಂಯ್ ಎನ್ನಬೇಕಾದದ್ದು ಕಲ್ಲಿನಂತೆ ಸುಮ್ಮನಿತ್ತು. ಆಗ ಅವನಿಗೆ ಮತ್ತೆ ಬಿಳಿ ಸ್ಕ್ರೂ ನೆನಪಾಯಿತು.

"ಇದನ್ನ ಬಿಚ್ಚಿದ್ದು ಯಾರು?" ಎಂದು ಹೆಂಡತಿಯನ್ನು ಕೇಳಿದ.

ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. "ನಾನಂತೂ ಮುಟ್ಟಿಲ್ಲಪ್ಪ," ಎಂದಳು.

"ನೀನು ಮುಟ್ಟಿದೆ ಅಂತ ಯಾರು ಹೇಳಿದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ಮಡಿಸಿದ್ದ ಟವೆಲನ್ನೇ ಬಿಡಿಸಿ ಮತ್ತೆ ಮಡಿಸಿದಳು.

"ಬುಧವಾರ ತಮ್ಮ ಬಂದಿದ್ದ," ಎಂದಳು ಕೊನೆಗೆ. "ಧೂಳು ತೆಗೀತೀನಿ ಅಂದ. ಏನೋ ಮಾಡ್ತಿದ್ದ, ನಾನು ಒಳಗಿದ್ದೆ."

ಅವಳ ತಮ್ಮ ಲಿಫ್ಟ್ ರಿಪೇರಿಯವನು. ಧೂಳಂತೆ ಧೂಳು! ಪೆಟ್ಟಿಗೆಯ ತಳದಲ್ಲಿ ಧೂಳು ಬೆರಳಿಗೆ ಅಂಟುವಷ್ಟು ಇತ್ತು. ತಾನು ಪ್ರೆಸ್ಸಿಗೆ ಹೋದ ಹೊತ್ತು ನೋಡಿಯೇ ಅವನು ಯಾಕೆ ಬಂದ? ಬಂದವನು ಡಿಸ್ಕಿಗೆ ಏನು ಮಾಡಿದ? ಕೆಡವಿದನೋ, ಒಳ್ಳೆಯದನ್ನು ಎತ್ತಿಕೊಂಡು ಕೆಟ್ಟದ್ದನ್ನು ಇಟ್ಟನೋ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹತ್ತು ನಿಮಿಷದಲ್ಲಿ ಬೈಂಡರ್ ಮನಸ್ಸಿನಲ್ಲೇ ಭಾವಮೈದನನ್ನು ಹಿಡಿದು, ವಿಚಾರಣೆ ಮಾಡಿ, ಶಿಕ್ಷೆಯನ್ನೂ ಬರೆದು ಮುಗಿಸಿದ. ಆಮೇಲೆ ಫೋನ್ ಮಾಡಿದ.

ಲಿಫ್ಟಿನವನು ಅರ್ಧ ಗಂಟೆಯಲ್ಲಿ ಬಂದ. ಹೆಗಲಲ್ಲಿ ಕೆಲಸದ ಚೀಲ. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಹೆಂಡತಿ ಬಾಗಿಲಿಗೆ ಒರಗಿ ನಿಂತಳು.

"ಬುಧವಾರ ಇದನ್ನ ಬಿಚ್ಚಿದ್ಯಾ?"

"ಬಿಚ್ಚಿದ್ದೆ ಭಾವ."

"ಡಿಸ್ಕ್ ಹೊರಗೆ ತೆಗ್ದಿದ್ಯಾ?"

ಅವನು ಒಮ್ಮೆ ಅಪ್ಪನ ಕಡೆ ನೋಡಿದ. ಅಪ್ಪ ಸ್ಲೇಟಿನ ಅಂಚು ಸವರುತ್ತ ಕೂತಿದ್ದರು. "ತೆಗ್ದಿದ್ದೆ," ಎಂದ.

"ಯಾಕೆ?"

"ಅದನ್ನ ಹೇಳಕ್ಕಾಗಲ್ಲ ಭಾವ. ಕೆಟ್ಟದ್ದೇನೂ ಮಾಡಿಲ್ಲ, ನಂಬಿ."

"ನಂಬಬೇಕಂತೆ! ಹದಿನಾಲ್ಕು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೀನಿ ನಾನು. ನೀನು ಒಂದು ದಿನ ಕೈ ಹಾಕ್ದೆ, ಡಿಸ್ಕ್ ಸತ್ತೋಯ್ತು. ಅದ್ರಲ್ಲಿ ಏನಿತ್ತು ಗೊತ್ತಿಲ್ವಾ ನಿಂಗೆ? ನಮ್ಮಪ್ಪನ ದನಿ ಕಣೋ! ಇನ್ನೊಂದ್ಸಲ ಎಲ್ಲಿಂದ ತರ್ಲಿ?"

ಲಿಫ್ಟಿನವನ ಮುಖ ಕೆಂಪಗಾಯಿತು. "ಅಕ್ಕ, ಇವರು ಏನಂತಿದ್ದಾರೆ ಕೇಳಿಸ್ಕೊಂಡ್ಯಲ್ಲ," ಎಂದವನೇ ಬಾಗಿಲ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತ.

"ನಿಲ್ಲು, ಹೋಗ್ಬೇಡ. ಎಲ್ಲರ ಮುಂದೇನೇ ತೋರಿಸ್ತೀನಿ," ಎಂದ ಬೈಂಡರ್. "ಕರೆಂಟು ಸರಿಯಾಗೇ ಬರ್ತಿದೆ, ಡಿಸ್ಕೇ ಮೊದಲೇ ಕೆಟ್ಟಿತ್ತು ಅಂತ ಮೀಟರ್ ಇಟ್ಟು ತೋರಿಸ್ತೀನಿ."

ಮೇಜಿನ ಡ್ರಾಯರಿನಿಂದ ಮೀಟರ್ ತೆಗೆದ. ಡಿಸ್ಕಿಗೆ ಹೋಗುವ ತುದಿಯನ್ನು ಬಿಡಿಸಿ, ಹಳದಿ ವಯರು, ಕೆಂಪು ವಯರು ಎಂದು ಒಂದೊಂದನ್ನೇ ಮುಟ್ಟತೊಡಗಿದ. ಹಳದಿಯಲ್ಲಿ ಹನ್ನೆರಡು ವೋಲ್ಟು ಇರಬೇಕು, ಕೆಂಪಿನಲ್ಲಿ ಐದು. ಅದು ಎಲ್ಲ ಕಂಪ್ಯೂಟರಿಗೂ ಒಂದೇ ಲೆಕ್ಕ.

ಕೆಂಪಿಗೆ ಮುಟ್ಟಿಸಿದ. ಮೀಟರು ಹನ್ನೆರಡು ತೋರಿಸಿತು.

ಮೀಟರಿನ ಮೊನೆ ತೆಗೆದು ಮತ್ತೆ ಇಟ್ಟ. ಹನ್ನೆರಡೇ. ಅವನ ಕಣ್ಣು ತಾನಾಗಿ ಪಕ್ಕದಲ್ಲಿದ್ದ ಬಿಚ್ಚದ ಚೀಲದ ಕಡೆ ಹೋಯಿತು. ಅದರ ಮೇಲೊಂದು ಹಳದಿ ಚೀಟಿ ಅಂಟಿಸಿದ್ದರು: ಈ ಪವರ್ ಸಪ್ಲೈ ಜೊತೆ ಬಂದ ವಯರುಗಳನ್ನೇ ಬಳಸಿ, ಬೇರೆಯದರ ತುದಿ ಕೂತರೂ ಒಳಗಿನ ಜೋಡಣೆ ಬೇರೆ ಇರುತ್ತದೆ. ಊರಿಗೆಲ್ಲ ಪುಸ್ತಕ ಹೊಲಿದುಕೊಡುವವನು ಒಂದು ಚೀಟಿ ಓದಿರಲಿಲ್ಲ. ಐದು ಕುಡಿಯಬೇಕಾದ ಡಿಸ್ಕಿಗೆ ಹನ್ನೆರಡು ಕುಡಿಸಿ ಕೊಂದದ್ದು ಅವನೇ. ಅದೂ ನಲವತ್ತು ಗಂಟಿನ ಆಸೆಗೆ.

ಮೀಟರಿನ ಮುಖ ಅವನೊಬ್ಬನಿಗೇ ಕಾಣುತ್ತಿತ್ತು. ಲಿಫ್ಟಿನವನು ಬೀದಿಯ ಕಡೆ ನೋಡುತ್ತಿದ್ದ. ಹೆಂಡತಿಗೆ ವೋಲ್ಟು ಗೀಲ್ಟು ತಿಳಿಯದು. "ನೋಡಿ, ಐದೇ ಇದೆ" ಎಂದು ಸ್ವಿಚ್ ಆರಿಸಿದರೆ ಸಾಕು, ಪಾಪವೆಲ್ಲ ಭಾವಮೈದನ ತಲೆಗೇ ಶಾಶ್ವತವಾಗಿ ಕೂರುತ್ತಿತ್ತು. ಆ ಯೋಚನೆ ಅವನಿಗೆ ಬಂತು. ಬಂದದ್ದು ಮಾತ್ರವಲ್ಲ, ಕೂತು ಕಾಲು ಚಾಚಿತು ಕೂಡ. ಇಷ್ಟು ವರ್ಷ ಜಗತ್ತನ್ನೆಲ್ಲ ಅನುಮಾನಿಸಿದ್ದವನಿಗೆ ಮೊದಲ ಸಲ ತನ್ನ ಮೇಲೇ ಹೆದರಿಕೆಯಾಯಿತು.

ತಲೆ ಎತ್ತಿದ. ಅಪ್ಪ ಅವನನ್ನೇ ನೋಡುತ್ತಿದ್ದರು. ಚಿಕ್ಕಂದಿನಲ್ಲಿ ಹೊಲಿಗೆ ತಪ್ಪಿದಾಗ, ತಾನಾಗಿ ಹೇಳುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದ ಅದೇ ನೋಟ.

"ನಾನೇ," ಎಂದ ಬೈಂಡರ್. "ನಾನೇ ಸುಟ್ಟಿದ್ದು. ಹೊಲಿಗೆ ಕತ್ತರಿಸ್ಬೇಕಲ್ಲ ಅಂತ ಹಳೇ ವಯರನ್ನೇ ಹೊಸದಕ್ಕೆ ಸಿಕ್ಕಿಸ್ದೆ. ಡಿಸ್ಕಿಗೆ ಜಾಸ್ತಿ ಕರೆಂಟ್ ಹೋಯ್ತು. ಇವನದೇನೂ ತಪ್ಪಿಲ್ಲ. ಅಪ್ಪಾ, ನಿನ್ನ ದನಿ ನಾನೇ ಕಳ್ಕೊಂಡೆ."

ಮೀಟರನ್ನು ಮೇಜಿನ ಮೇಲಿಟ್ಟು ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹೆಂಡತಿ ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟಳು, ಆದರೆ ಕಣ್ಣು ತಮ್ಮನ ಕಡೆ ಇತ್ತು. ತಮ್ಮ ತಿರುಗಿ ಅಪ್ಪನನ್ನು ನೋಡಿದ. ಅಪ್ಪ ಸ್ಲೇಟಿನ ಮೇಲೆ ಒಂದೇ ಮಾತು ಬರೆದು ಎತ್ತಿ ಹಿಡಿದರು: "ಕೊಡು."

ಲಿಫ್ಟಿನವನು ಕೆಲಸದ ಚೀಲದೊಳಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟ.

"ಇಪ್ಪತ್ತಾರು ಗಂಟೇನೂ ಇದೆ ಭಾವ," ಎಂದ. ಇನ್ನೂ ಬಿಗಿದುಕೊಂಡೇ ಇದ್ದ. "ನೀವು ಪಾಸ್‌ವರ್ಡ್ ಯಾರಿಗೂ ಹೇಳಲ್ವಲ್ಲ, ಅದಕ್ಕೇ ಬಿಚ್ಚಿ ತೊಗೊಂಡ್ಹೋಗಿ ಕಾಪಿ ಮಾಡಿ, ಅವತ್ತು ಸಂಜೇನೇ ವಾಪಸ್ ಇಟ್ಟೆ. ಮಾವ ಮಾಡಿಸಿದ್ದು. ನಿಮಗೆ ಹೇಳ್ಬೇಡ ಅಂದಿದ್ರು, ಅಕ್ಕನಿಗೂ ಹೇಳ್ಬೇಡ ಅಂದಿದ್ರು."

"ಯಾಕಪ್ಪಾ?" ಎಂದ ಬೈಂಡರ್.

ಅಪ್ಪ ಒರೆಸಿ, ನಿಧಾನವಾಗಿ ಬರೆದರು: "ನೀನು ಕಟ್ಟಿದ್ದನ್ನ ನಾನು ನಂಬಲಿಲ್ಲ ಅಂತ ಗೊತ್ತಾದರೆ ನೊಂದುಕೊಳ್ಳುತ್ತೀಯ ಅಂತ."

ಅದನ್ನು ಓದಿ ಬೈಂಡರ್ ಭಾವಮೈದನ ಕೈ ಹಿಡಿದುಕೊಂಡ. "ಬೈದುಬಿಡು ಮಾರಾಯ, ನಾಲ್ಕು ಮಾತು," ಎಂದ.

"ಆಮೇಲೆ ಬೈತೀನಿ. ಮೊದ್ಲು ಇದನ್ನ ಚೀಲದಲ್ಲಿರೋ ನನ್ನ ಲ್ಯಾಪ್‌ಟಾಪಿಗೆ ಹಾಕಣ. ನಿಮ್ಮ ಪೆಟ್ಟಿಗೆಗೆ ಮಾತ್ರ ನಾನು ಕೊಡಲ್ಲ."

ನಾಲ್ವರೂ ಮೇಜಿನ ಸುತ್ತ ಕೂತರು. ಮೊದಲ ಫೈಲನ್ನು ಬೈಂಡರನೇ ಒತ್ತಿದ. ಒಂದು ಕೆಮ್ಮು ಕೇಳಿಸಿತು, ಕುರ್ಚಿ ಕಿರ್ರೆಂದಿತು, ಆಮೇಲೆ ಹದಿನಾಲ್ಕು ತಿಂಗಳ ಹಿಂದಿನ ಆ ದಪ್ಪ, ಒರಟು ದನಿ ಕೋಣೆಗೆ ಬಂತು.

"ಶುರುವಾಯ್ತೇನೋ? ಕೇಳಿಸ್ತಿದ್ಯಾ? ನೀರು ತರ್ತೀನಿ ಅಂತ ಎದ್ದೋದ ಇವನು. ಅಷ್ಟರಲ್ಲಿ ಹೇಳಿಬಿಡ್ತೀನಿ. ಪೆಟ್ಟಿಗೆ ಒಳಗಡೆ ನೋಡ್ದೆ. ವಯರೆಲ್ಲ ಪುಸ್ತಕದ ಹಾಗೆ ಹೊಲ್ದಿಟ್ಟಿದ್ದಾನೆ ಪುಣ್ಯಾತ್ಮ! ಹೊಲಿಯೋದು ಕಲಿಸ್ದೆ ನಾನು. ಎಲ್ಲಿ ಹೊಲೀಬಾರ್ದು ಅಂತ ಕಲಿಸೋದು ಮರೆತೆ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಲಿಫ್ಟಿನವನು ಕೋಪ ಮರೆತು ಜೋರಾಗಿ ನಕ್ಕ. ಕುರ್ಚಿಯಲ್ಲಿ ಅಪ್ಪ ಸದ್ದಿಲ್ಲದೆ ನಗುತ್ತಿದ್ದರು, ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಬೈಂಡರ್ ಅಳುತ್ತಲೇ ನಗುತ್ತಲೇ ಎದ್ದ. ಡ್ರಾಯರಿನಿಂದ ಕತ್ತರಿ ತಂದು, ಬಿಚ್ಚಿದ ಪೆಟ್ಟಿಗೆಯ ಮುಂದೆ ನೆಲದಲ್ಲಿ ಕೂತ. ಅಪ್ಪನ ದನಿ ಮಾತಾಡುತ್ತಲೇ ಇತ್ತು. ಅದನ್ನು ಕೇಳುತ್ತ ಅವನು ಮೊದಲ ಗಂಟು ಕತ್ತರಿಸಿದ, ಆಮೇಲೆ ಎರಡನೆಯದು.